ಗುಳ್ಳೆ ಬರುವವರೆಗೆ

ನಮೂನೆಯ ಮೂರನೇ ಸಾಲು: ತಂದೆಯ ಹೆಸರು.
ಪೆನ್ನು ಅಲ್ಲೇ ನಿಂತಿತು.
'ಯಾರ್ದು ಬರೀಲಿ?' ಅಂದ.
ಹದಿನಾರು ವರ್ಷ. ಹೆಸರು ನಿಶ್ಚಿತ್.
ಖಾಲಿ ಬಿಡು ಅಂದೆ. ಬಿಟ್ಟ.
ಆ ಖಾಲಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ
ಅರ್ಧ ಗಂಟೆ ಕೂತ.

ಮೆಗ್ಗಾನ್ ಆಸ್ಪತ್ರೆಯ ಹಿಂಬದಿ, ಎಕ್ಸ್‌ರೇ ಪಕ್ಕ
ನನ್ನದೊಂದು ಮೇಜು, ಎರಡು ಕುರ್ಚಿ.
ಕಾಲು ಕುಂಟುವುದರಲ್ಲಿ ನಾನು ಕೂರುತ್ತೇನೆ.
ಗೋಡೆಗೆ ಮಿದುಳಿನ ಚಿತ್ರ; ಬಣ್ಣ ಹೋಗಿ
ಹೂಕೋಸಿನ ಹಾಗೆ ಕಾಣುತ್ತದೆ.
ಅದನ್ನೇ ತೋರಿಸಿ ಹೇಳಿದೆ ಮೊದಲ ಸೋಮವಾರ:
ಪಂಚರ್ ಸೊಲ್ಯೂಷನ್ ಮೂಸಿದರೆ ಇಲ್ಲಿ ಹೀಗಾಗುತ್ತೆ, ಇಲ್ಲಿ ಹೀಗೆ.
ಹದಿನೆಂಟು ವರ್ಷದಿಂದ ಹೇಳಿದ್ದನ್ನೇ.
ಅವನು ನನ್ನ ಸ್ಕೂಟರ್ ಕೀಲಿ ನೋಡುತ್ತಿದ್ದ.

ಹೊರಗೆ ಬೆಂಚಿನಲ್ಲಿ ಅವನಮ್ಮ ಗುಲಾಬಿ,
ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ,
ಸೆರಗಿಗೆ ಅಂಟಿದ ನೂಲಿನ ತುಣುಕು
ಒಂದೊಂದೇ ಕೀಳುತ್ತಾ.
'ನಾನು ಇನ್ನೊಂದು ಮದುವೆಯಾಗಿದ್ದೇ ತಪ್ಪಾಯ್ತಾ ಮೇಡಂ?'
ಅದಕ್ಕೆ ನಮೂನೆಯಲ್ಲಿ ಸಾಲಿಲ್ಲ.

ಎರಡನೇ ಸೋಮವಾರ ಕೇಳಿದೆ: ಅವರು ಹೊಡೀತಾರಾ?
'ಇಲ್ಲ.'
ಬೈತಾರಾ?
'ಇಲ್ಲ. ಒಳ್ಳೇವ್ರು. ಅದೇ ತೊಂದ್ರೆ.'
ಲೈನ್‌ಮನ್ನು. ಕಂಬ ಹತ್ತಿ ಬಂದ ರಾತ್ರಿಯೂ
ತಟ್ಟೆ ತಾವೇ ತೊಳೆಯುತ್ತಾರಂತೆ.
ಇವನಿಗೆ ಶೂ ತಂದಿದ್ದರು, ಒಂದು ನಂಬರು ದೊಡ್ಡದು.
'ಇರ್ಲಿ, ಬೆಳೀತಾನೆ' ಅಂದರಂತೆ.
'ಬೆಳೆಯೋವರೆಗೂ ಇರ್ತಾರಾ ಮೇಡಂ ಇವ್ರು?'
ಕೇಳಿ, ತಕ್ಷಣ ನಕ್ಕುಬಿಟ್ಟ,
ಬೇರೆ ಯಾರೋ ಕೇಳಿದ ಹಾಗೆ.

ಅವರ ಮಗಳು, ನಾಲ್ಕು ವರ್ಷದ್ದು, ಇವನನ್ನು ಅಣ್ಣ ಅನ್ನುತ್ತೆ.
ಯಾರೂ ಹೇಳಿಕೊಟ್ಟಿದ್ದಲ್ಲ.

ಮೂರನೇ ಸೋಮವಾರ ಬರಲಿಲ್ಲ.
ಮಂಗಳವಾರ ಗೊತ್ತಾಯ್ತು: ತುಂಗೆಯ ಹಳೇ ಸೇತುವೆ ಕೆಳಗೆ
ಇನ್ನಿಬ್ಬರ ಜೊತೆ, ಮುಖಕ್ಕೆ ಕರ್ಚೀಫು.
ಎತ್ತಿಕೊಂಡು ಬಂದದ್ದು ಆ ಲೈನ್‌ಮನ್ನೇ,
ಡ್ಯೂಟಿಯ ಹಗ್ಗ ಇನ್ನೂ ಹೆಗಲ ಮೇಲೆ.

ಮುಂದಿನ ವಾರ ಅವನು ಬರುವ ಹೊತ್ತಿಗೆ
ಚಿತ್ರ ಇಳಿಸಿಟ್ಟಿದ್ದೆ. ಏನೂ ಕೇಳಲಿಲ್ಲ.
ಫ್ಯಾನು ಕಿರುಗುಟ್ಟಿತು. ಎಷ್ಟೋ ಹೊತ್ತಿಗೆ ಅವನೇ:
'ಆಲ್ಕೊಳ ಸರ್ಕಲ್ಲಲ್ಲಿ ನಮ್ಮಪ್ಪಂದು ಪಂಚರ್ ಅಂಗಡಿ ಇತ್ತು.
ಅನ್ನ ಕಲಸಿ ತಿನ್ನಿಸೋವಾಗ್ಲೂ ಕೈ ಇದೇ ವಾಸ್ನೆ.
ಹೋದ್ರು. ಕಂಪ್ರೆಸರ್ ಮಾರಿ ಹೋದ್ರು.
ಕಿಕ್ಕಿಗಲ್ಲ ಮೇಡಂ, ಮೊದಲ್ನೇ ಸಲ ಕಿಕ್ಕಿಗಲ್ಲ.
ಆಮೇಲೆ ಕಿಕ್ಕಿಗೇ.'

ನನ್ನ ಪಟ್ಟಿಯಲ್ಲಿ ಕಾರಣಗಳಿವೆ:
ಸಹವಾಸ, ಕುತೂಹಲ, ಒತ್ತಡ, ಇತರೆ.

ತೂತು ಹೇಗೆ ಹುಡುಕ್ತಿದ್ರು ನಿಮ್ಮಪ್ಪ? ಅಂದೆ.
ಅವನ ಎರಡೂ ಕೈ ಮೇಜಿನ ಮೇಲೆದ್ದವು,
ಇಲ್ಲದ ಟ್ಯೂಬು ಹಿಡಿದು.
'ಗಾಳಿ ತುಂಬಿ ನೀರಲ್ಲಿ ಮುಳುಗಿಸ್ಬೇಕು.
ಚೂರು ಚೂರೇ ತಿರುಗಿಸ್ಬೇಕು.
ಅರ್ಜೆಂಟ್ ಮಾಡಿದ್ರೆ ನೀರು ಅಲ್ಲಾಡತ್ತೆ, ಏನೂ ಕಾಣ್ಸಲ್ಲ.
ಗುಳ್ಳೆ ಬರೋವರೆಗೂ ಸುಮ್ನಿರ್ಬೇಕು.
ಒಂದು ಸಿಕ್ತು ಅಂತ ಎತ್ತಬಾರ್ದು,
ಪೂರ್ತಿ ಸುತ್ತು ನೋಡ್ಬೇಕು.'
ಬರೆದುಕೊಂಡೆ. ಅವನ ಫೈಲಿನಲ್ಲಲ್ಲ.

ಬಿಟ್ಟನೇ ಎಂದು ಕೇಳಬೇಡಿ.
ಹನ್ನೊಂದು ದಿನ, ಆಮೇಲೆ ಒಂದು ರಾತ್ರಿ,
ಆಮೇಲೆ ಮತ್ತೆ ಒಂದರಿಂದ ಎಣಿಕೆ.
ಶಾಲೆಗೆ ಹೋಗುತ್ತಾನೆ, ಕೆಲವು ದಿನ.

ನಿನ್ನೆ ಸಂಜೆ ನನ್ನ ಸ್ಕೂಟರಿನ ಹಿಂಚಕ್ರ ಕೂತಿತ್ತು.
ಅವನು ಮಂಡಿಯೂರಿದ. ಶೂ ಒಳಗಿಂದ
ಪೇಪರಿನ ಚೂರು ಇಣುಕುತ್ತಿತ್ತು.
ನನಗೆ ಒಂದು ಕ್ಷಣ ಭಯವಾಯಿತು,
ಯಾವ ಕೆಲಸಕ್ಕೆ ಯಾವ ಕೈ ಹಚ್ಚಿಸುತ್ತಿದ್ದೇನೆ ಎಂದು.
'ಟ್ಯೂಬ್‌ಲೆಸ್ ಇದು,' ಅಂದ, ತಲೆಯೆತ್ತದೆ.
'ಸೊಲ್ಯೂಷನ್ ಬೇಡ ಮೇಡಂ. ಬತ್ತಿ ಸಾಕು.'

ಗೇಟಿನ ಹತ್ತಿರ ಲೈನ್‌ಮನ್ನು ಬೈಕು ಆರಿಸಿ ನಿಂತಿದ್ದರು,
ಟ್ಯಾಂಕಿನ ಮೇಲೆ ಮಗು. ಕರೆಯಲಿಲ್ಲ.
ಇವನು ಬೆರಳಿಗೆ ಉಗುಳು ಹಚ್ಚಿಕೊಂಡು
ಟೈರಿನ ಮೇಲೆ ಒಂದೊಂದೇ ಕಡೆ ಸವರಿ
ಕಾದ.
ನಾನೂ ಬಗ್ಗಿದೆ.